ಗ್ರಾಮಫೋನ್ ತೋಳಿನ ರೇಖಾಗಣಿತ

ಅಟ್ಟ ಸೇರಿದ್ದ ಗ್ರಾಮಫೋನ್ ತಟ್ಟೆಗಳು ಈಚೆಗೆ ಮತ್ತೆ ಕೆಳಗಿಳಿದು ಬರುತ್ತಿವೆ. ೧೯೮೨ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ತಟ್ಟೆಯ ಕಾಲ ಮುಗಿಯಿತೆಂದೇ ಹಲವರು ಬಗೆದಿದ್ದರು. ಆದರೆ ೨೦೨೨ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಮಾರಾಟವಾದ ತಟ್ಟೆಗಳ ಸಂಖ್ಯೆ ಸಿ.ಡಿ.ಗಳ ಸಂಖ್ಯೆಯನ್ನು ಮೀರಿತು. ೧೯೮೭ರ ತರುವಾಯ ಹೀಗಾದುದು ಅದೇ ಮೊದಲು. ಹೀಗೆ ಹಳೆಯ ತಟ್ಟೆಗಳನ್ನು ಒರೆಸಿ ನುಡಿಸಲು ತೊಡಗಿದವರು ಸಾಮಾನ್ಯವಾಗಿ ಒಂದು ದೂರನ್ನು ಹೇಳುವುದುಂಟು. ತಟ್ಟೆಯ ಹೊರ ಅಂಚಿನಲ್ಲಿ ಹಾಡು ಸೊಗಸಾಗಿಯೇ ಇರುತ್ತದೆ. ಮುಳ್ಳು ನಡುವಿಗೆ ಸಮೀಪಿಸಿದಂತೆಲ್ಲ 'ಸ', 'ಶ' ಮುಂತಾದ ಅಕ್ಷರಗಳು ಸೀಳಿದಂತೆ ಕೇಳಿಸುತ್ತವೆ. ಪಿಟೀಲಿನ ತಾರಸ್ವರಗಳು ಒರಟಾಗುತ್ತವೆ. ತಟ್ಟೆ ಸವೆದುಹೋಗಿದೆಯೆಂದು ಅವರು ಕೈಬಿಡುತ್ತಾರೆ. ಆದರೆ ಹಲವು ವೇಳೆ ತಪ್ಪು ತಟ್ಟೆಯದಲ್ಲ. ಮುಳ್ಳು ಕುಳಿತಿರುವ ಕೋನದ್ದು.

ಇದು ಬರಿಯ ಇಂಪಿನ ಪ್ರಶ್ನೆಯಲ್ಲ. ಕೋನವೂ ಭಾರವೂ ತಪ್ಪಿದ ಮುಳ್ಳು ನಾದವನ್ನು ಕೆಡಿಸುವುದಲ್ಲದೆ ತಟ್ಟೆಯನ್ನೂ ಸವೆಸುತ್ತದೆ. ಸವೆದ ಗೆರೆಯನ್ನು ಮತ್ತೆ ತುಂಬುವ ಉಪಾಯ ಯಾರ ಬಳಿಯಲ್ಲಿಯೂ ಇಲ್ಲ. ಎಷ್ಟೋ ಗಾಯಕರ ಕಂಠ ಮತ್ತೆ ಅಚ್ಚಾಗದ ತಟ್ಟೆಗಳಲ್ಲಿ ಮಾತ್ರ ಉಳಿದಿದೆಯೆಂಬುದನ್ನು ನೆನೆದರೆ, ಮುಳ್ಳನ್ನು ಸರಿಯಾಗಿ ಕೂರಿಸುವುದು ಎಷ್ಟು ಅಗತ್ಯವೆಂಬುದು ತಿಳಿಯುತ್ತದೆ. ಇದಕ್ಕೆ ಬೇಕಾದುದು ಪ್ರೌಢಶಾಲೆಯ ರೇಖಾಗಣಿತ, ಒಂದು ಹಾಳೆ ಮತ್ತು ಸ್ವಲ್ಪ ತಾಳ್ಮೆ.

ಗೆರೆಯಲ್ಲಿ ಅಡಗಿದ ನಾದ

ನಿಮಿಷಕ್ಕೆ ೩೩⅓ ಸುತ್ತು ತಿರುಗುವ ದೀರ್ಘವಾದನದ ತಟ್ಟೆಯನ್ನು ಅಮೆರಿಕದ ಕೊಲಂಬಿಯ ಸಂಸ್ಥೆಯು ೧೯೪೮ರಲ್ಲಿ ಬಳಕೆಗೆ ತಂದಿತು. ಇದರ ಒಂದೊಂದು ಮುಖದ ಮೇಲೂ ಹೊರ ಅಂಚಿನಿಂದ ನಡುವಿನವರೆಗೆ ಸುರುಳಿಯಾಗಿ ಸಾಗುವ ಗೆರೆಯೊಂದಿರುತ್ತದೆ. ಅದು ಕೂದಲೆಳೆಯಷ್ಟು ಕಿರಿದಾದ ಕಾಲುವೆ. ಕಾಲುವೆಯ ಗೋಡೆಗಳ ಅಂಕುಡೊಂಕೇ ನಾದದ ಚಿತ್ರ. ೧೯೫೮ರಲ್ಲಿ ಮಾರುಕಟ್ಟೆಗೆ ಬಂದ ಸ್ಟೀರಿಯೊ ತಟ್ಟೆಗಳಲ್ಲಿ ಎರಡು ಗೋಡೆಗಳೂ ಬೇರೆ ಬೇರೆ ನಾದವನ್ನು ಹೊರುತ್ತವೆ: ಒಳಗೋಡೆ ಎಡಗಡೆಯ ನಾದವನ್ನು, ಹೊರಗೋಡೆ ಬಲಗಡೆಯ ನಾದವನ್ನು. ಈ ಗೋಡೆಗಳು ಒಂದಕ್ಕೊಂದು ಲಂಬವಾಗಿ, ತಟ್ಟೆಯ ಮೈಗೆ ೪೫ ಅಂಶಗಳ ಕೋನದಲ್ಲಿರುತ್ತವೆ. ಈ ಉಪಾಯಕ್ಕೆ ಇಂಗ್ಲೆಂಡಿನ ಆಲನ್ ಬ್ಲುಮ್ಲೈನ್ ೧೯೩೧ರಷ್ಟು ಹಿಂದೆಯೇ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದನು.

ತಟ್ಟೆ ಒಂದೇ ವೇಗದಲ್ಲಿ ಸುತ್ತುತ್ತದೆಯಾದರೂ ಮುಳ್ಳಿನ ಕೆಳಗೆ ಹಾಯುವ ಗೆರೆಯ ಉದ್ದ ಎಲ್ಲ ಕಡೆಯೂ ಒಂದೇ ಅಲ್ಲ. ಹೊರ ಅಂಚಿನಲ್ಲಿ, ಎಂದರೆ ನಡುವಿನಿಂದ ೧೪೬ ಮಿಲಿಮೀಟರ್ ದೂರದಲ್ಲಿ, ಸೆಕೆಂಡಿಗೆ ಸುಮಾರು ೫೧ ಸೆಂಟಿಮೀಟರ್ ಗೆರೆ ಹಾಯುತ್ತದೆ. ಒಳ ಅಂಚಿನಲ್ಲಿ, ಎಂದರೆ ೬೦ ಮಿಲಿಮೀಟರ್ ತ್ರಿಜ್ಯದ ಬಳಿ, ಹಾಯುವುದು ೨೧ ಸೆಂಟಿಮೀಟರ್ ಮಾತ್ರ. ಸೆಕೆಂಡಿಗೆ ಹತ್ತು ಸಾವಿರ ಕಂಪನಗಳ ಒಂದು ಸ್ವರವನ್ನು ತೆಗೆದುಕೊಳ್ಳೋಣ. ಅದರ ಒಂದು ಅಲೆಗೆ ಹೊರಗಡೆ ೦.೦೫೧ ಮಿಲಿಮೀಟರ್ ಎಡೆ ದೊರೆತರೆ, ಒಳಗಡೆ ೦.೦೨೧ ಮಿಲಿಮೀಟರಿನಲ್ಲಿಯೇ ಅದು ಮುದುಡಿಕೊಂಡು ಕೂರಬೇಕು. ಇಷ್ಟು ಇಕ್ಕಟ್ಟಿನಲ್ಲಿ ಮುಳ್ಳು ಕೊಂಚ ಓರೆಯಾದರೂ ಓದು ತಪ್ಪುತ್ತದೆ. 'ಸ'ಕಾರವು ತಟ್ಟೆಯ ಕೊನೆಯಲ್ಲಿ ಸೀಳುವುದರ ಗುಟ್ಟು ಇದೇ.

ಖಾನೆ ಮತ್ತು ಬಾಗಿಲು

ಮೂಲ ತಟ್ಟೆಯಲ್ಲಿ ಗೆರೆಯನ್ನು ಕೊರೆಯುವ ಉಳಿಯು ಹೊರ ಅಂಚಿನಿಂದ ನಡುವಿನತ್ತ ಒಂದು ತ್ರಿಜ್ಯದ ಮೇಲೆ ನೇರವಾಗಿ ಚಲಿಸುತ್ತದೆ. ಆದುದರಿಂದ ಅದು ಎಲ್ಲಿಯೇ ಇರಲಿ, ಗೆರೆಯ ಸ್ಪರ್ಶರೇಖೆಯ ದಿಕ್ಕಿಗೇ ಮುಖಮಾಡಿರುತ್ತದೆ. ನಮ್ಮ ಮನೆಯ ಯಂತ್ರದ ತೋಳು ಹಾಗಲ್ಲ. ಅದು ಒಂದು ಕೀಲಿನ ಸುತ್ತ ತಿರುಗುತ್ತದೆ. ಮುಳ್ಳು ಒಂದು ಕಂಸವನ್ನು ಬರೆಯುತ್ತದೆ. ಮೇಜಿನ ಖಾನೆ ನೇರವಾಗಿ ಹೊರಬರುತ್ತದೆ, ಬಾಗಿಲು ತಿರುಗಿ ತೆರೆದುಕೊಳ್ಳುತ್ತದೆ. ಉಳಿಯ ಚಲನೆ ಖಾನೆಯಂತೆ; ತೋಳಿನ ಚಲನೆ ಬಾಗಿಲಿನಂತೆ. ಎರಡೂ ಒಂದೇ ಆಗಲಾರವು.

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆ? ಕೀಲಿನಿಂದ ಮುಳ್ಳಿನವರೆಗೆ ೨೨೯ ಮಿಲಿಮೀಟರ್ ಉದ್ದವಿರುವ ಒಂದು ನೇರವಾದ ತೋಳನ್ನು, ಮುಳ್ಳು ತಟ್ಟೆಯ ನಡುಗೂಟದ ಮೇಲೆಯೇ ಹಾಯುವಂತೆ ಜೋಡಿಸಿದೆವೆನ್ನೋಣ. ಆಗ ಹೊರ ಅಂಚಿನಲ್ಲಿ ಮುಳ್ಳಿನ ದಿಕ್ಕು ಸ್ಪರ್ಶರೇಖೆಯಿಂದ ೧೮.೬ ಅಂಶಗಳಷ್ಟೂ ಒಳ ಅಂಚಿನಲ್ಲಿ ೭.೬ ಅಂಶಗಳಷ್ಟೂ ಓರೆಯಾಗಿರುತ್ತದೆ. ಓರೆಯಾಗಿ ನಿಂತ ಮುಳ್ಳು ಅಲೆಯ ಒಂದು ಪಾರ್ಶ್ವವನ್ನು ಕೊಂಚ ಮುಂಚೆಯೂ ಇನ್ನೊಂದನ್ನು ಕೊಂಚ ತಡವಾಗಿಯೂ ಓದುತ್ತದೆ. ಇದರ ಫಲವಾಗಿ ಮೂಲಸ್ವರದೊಡನೆ ಅದರ ಎರಡರಷ್ಟು ಕಂಪನಾಂಕದ, ಗಾಯಕನು ಹಾಡದೆ ಇದ್ದ ಸ್ವರವೊಂದು ಬೆರೆತುಬಿಡುತ್ತದೆ.

ತೋಳನ್ನೂ ಖಾನೆಯಂತೆ ನೇರವಾಗಿ ಸರಿಸುವ ಯಂತ್ರಗಳು ಇಲ್ಲದೆ ಇಲ್ಲ. ಡೆನ್ಮಾರ್ಕಿನ ಬ್ಯಾಂಗ್ ಮತ್ತು ಓಲುಫ್ಸೆನ್ ಸಂಸ್ಥೆಯ ಬಿಯೊಗ್ರಾಮ್ ೪೦೦೦ ಎಂಬುದು ೧೯೭೨ರಲ್ಲಿ ಬಂದ ಅಂತಹ ಯಂತ್ರ. ಆದರೆ ಅವುಗಳ ರಚನೆ ತೊಡಕಿನದು, ಬೆಲೆಯೂ ಹೆಚ್ಚು. ಮನೆಗಳಲ್ಲಿ ಕಾಣುವುದು ಬಹುಮಟ್ಟಿಗೆ ಕೀಲಿನ ತೋಳೇ.

ಓರೆಕೋನ ಮತ್ತು ಮುಂಚಾಚು

ಈ ತೊಡಕಿಗೆ ಪರಿಹಾರವನ್ನು ಇಂಗ್ಲೆಂಡಿನ ಪರ್ಸಿ ವಿಲ್ಸನ್ ೧೯೨೪ರಲ್ಲಿ 'ದಿ ಗ್ರಾಮಫೋನ್' ಎಂಬ ಪತ್ರಿಕೆಯಲ್ಲಿ ವಿವರಿಸಿದನು. ಉಪಾಯಗಳು ಎರಡು. ಮೊದಲನೆಯದು, ತೋಳಿನ ತಲೆಯನ್ನು ನಡುಗೂಟದ ಕಡೆಗೆ ಕೊಂಚ ತಿರುಗಿಸಿಡುವುದು, ಇದನ್ನು ಓರೆಕೋನವೆನ್ನೋಣ. ಎರಡನೆಯದು, ತೋಳನ್ನು ನಡುವಿಗೆ ತಂದಾಗ ಮುಳ್ಳು ನಡುಗೂಟವನ್ನು ದಾಟಿ ಸ್ವಲ್ಪ ಮುಂದೆ ನಿಲ್ಲುವಂತೆ ಮಾಡುವುದು. ಇದನ್ನು ಮುಂಚಾಚು ಎನ್ನೋಣ.

ಇದರ ಗಣಿತ ಸರಳವಾಗಿದೆ. ಕೀಲಿನಿಂದ ಮುಳ್ಳಿಗಿರುವ ಉದ್ದ 'ಉ', ಕೀಲಿನಿಂದ ನಡುಗೂಟಕ್ಕಿರುವ ದೂರ 'ದ', ಮುಳ್ಳು ನಿಂತಿರುವ ಗೆರೆಯ ತ್ರಿಜ್ಯ 'ತ' ಎಂದಿರಲಿ. ಈ ಮೂರು ಭುಜಗಳ ತ್ರಿಕೋನಕ್ಕೆ ಕೊಸೈನ್ ಸೂತ್ರವನ್ನು ಅನ್ವಯಿಸಿದರೆ ಹೀಗೆ ಬರುತ್ತದೆ:

ಸೈನ್ (ಬೇಕಾದ ಕೋನ) = (ತ² + ಉ² − ದ²) ÷ (೨ × ಉ × ತ)

ತಲೆಯನ್ನು ಒಮ್ಮೆ ಬಿಗಿದ ಮೇಲೆ ನಮ್ಮ ಓರೆಕೋನ ಬದಲಾಗುವುದಿಲ್ಲ. ಆದರೆ ಬೇಕಾದ ಕೋನವು 'ತ' ಬದಲಾದಂತೆ ಬದಲಾಗುತ್ತದೆ. ಇವೆರಡೂ ಸಮನಾಗುವುದು ಎಲ್ಲಿ? ಮೇಲಿನ ಸೂತ್ರವು 'ತ'ದಲ್ಲಿ ಒಂದು ವರ್ಗಸಮೀಕರಣ. ಅದಕ್ಕೆ ಎರಡು ಮೂಲಗಳಿರಬಹುದು, ಅದಕ್ಕಿಂತ ಹೆಚ್ಚು ಇರಲಾರವು. ಎಂದರೆ ತಟ್ಟೆಯ ಎರಡೇ ತ್ರಿಜ್ಯಗಳಲ್ಲಿ ಮುಳ್ಳು ಪೂರ್ಣವಾಗಿ ನೇರವಾಗಿರುವುದು ಸಾಧ್ಯ. ಇವನ್ನು ಶೂನ್ಯಬಿಂದುಗಳೆಂದು ಕರೆಯುತ್ತಾರೆ. ಎರಡು ಮೂಲಗಳ ಗುಣಲಬ್ಧವು ಉ² − ದ² ಆಗುತ್ತದೆಂದೂ, ಮೊತ್ತವು ೨ × ಉ × ಸೈನ್ (ಓರೆಕೋನ) ಆಗುತ್ತದೆಂದೂ ವಿದ್ಯಾರ್ಥಿಗಳು ತಾವೇ ತಾಳೆನೋಡಬಹುದು.

ತಪ್ಪನ್ನು ಹಂಚುವ ಬಗೆ

ಹಾಗಾದರೆ ಆ ಎರಡು ಬಿಂದುಗಳು ಎಲ್ಲಿರಬೇಕು? ತಪ್ಪನ್ನು ಎಲ್ಲೆಡೆಯೂ ಕಳೆಯಲಾಗದು. ಉಳಿದ ತಪ್ಪನ್ನು ಜಾಣತನದಿಂದ ಹಂಚಬೇಕು. ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್ ೧೯೩೮ರಲ್ಲಿಯೂ ಎಚ್. ಜಿ. ಬೇರ್‌ವಾಲ್ಡ್ ೧೯೪೧ರಲ್ಲಿಯೂ ಈ ಪ್ರಶ್ನೆಯನ್ನು ಗಣಿತದಿಂದ ಬಿಡಿಸಿದರು. ಅವರ ವಿಚಾರದ ತಿರುಳು ಇದು: ಕಿವಿಗೆ ಕೇಳಿಸುವ ವಿಕಾರವು ಕೋನದ ತಪ್ಪನ್ನು ಮಾತ್ರವಲ್ಲದೆ ಗೆರೆಯ ತ್ರಿಜ್ಯವನ್ನೂ ಅವಲಂಬಿಸಿದೆ. ಒಳಗಡೆ ಅಲೆಗಳು ಇಕ್ಕಟ್ಟಾಗಿರುವುದರಿಂದ ಒಂದು ಅಂಶದ ತಪ್ಪು ಅಲ್ಲಿ ಮಾಡುವ ಹಾನಿ ಹೊರಗಿನದಕ್ಕಿಂತ ಹೆಚ್ಚು. ಆದುದರಿಂದ ನಾವು ಸಮಗೊಳಿಸಬೇಕಾದುದು ಕೋನದ ತಪ್ಪನ್ನಲ್ಲ. ಆ ತಪ್ಪನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವ ಲಬ್ಧವನ್ನು.

ಈ ಲೆಕ್ಕದ ಪ್ರಕಾರ ಶೂನ್ಯಬಿಂದುಗಳು ನಡುವಿನಿಂದ ೬೬.೦ ಮತ್ತು ೧೨೦.೯ ಮಿಲಿಮೀಟರ್ ದೂರದಲ್ಲಿ ಬರುತ್ತವೆ. ನಮ್ಮ ೨೨೯ ಮಿಲಿಮೀಟರಿನ ತೋಳಿಗೆ ಓರೆಕೋನ ೨೪.೧ ಅಂಶ, ಮುಂಚಾಚು ೧೮.೧ ಮಿಲಿಮೀಟರ್ ಆಗುತ್ತದೆ. ಆಗ ಉಳಿಯುವ ತಪ್ಪನ್ನು ನೋಡೋಣ. ಹೊರ ಅಂಚಿನಲ್ಲಿ, ಎಂದರೆ ೧೪೬ ಮಿಲಿಮೀಟರಿನಲ್ಲಿ, ೧.೯೦ ಅಂಶ, ಎರಡು ಶೂನ್ಯಬಿಂದುಗಳ ನಡುವೆ, ೮೯ ಮಿಲಿಮೀಟರಿನ ಬಳಿ, ವಿರುದ್ಧ ದಿಕ್ಕಿನಲ್ಲಿ ೧.೧೩ ಅಂಶ, ಒಳ ಅಂಚಿನಲ್ಲಿ, ೬೦.೩ ಮಿಲಿಮೀಟರಿನಲ್ಲಿ, ೦.೭೮ ಅಂಶ. ಒಂದೊಂದನ್ನೂ ಅದರ ತ್ರಿಜ್ಯದಿಂದ ಭಾಗಿಸಿದರೆ ಮೂರು ಕಡೆಯೂ ೦.೦೧೩ ಬರುತ್ತದೆ. ತಪ್ಪು ಮೂರು ಎಡೆಗಳಲ್ಲಿಯೂ ಸಮನಾಗಿ ಹಂಚಿಹೋಗಿದೆ. ಹದಿನೆಂಟು ಅಂಶಗಳಷ್ಟಿದ್ದ ಓರೆಯು ಎರಡು ಅಂಶಗಳೊಳಗೆ ಇಳಿದಿದೆ.

ಇದೊಂದೇ ಸರಿಯಾದ ಹಂಚಿಕೆಯೆಂದು ತಿಳಿಯಬಾರದು. ಪಾಶ್ಚಾತ್ಯ ವಾದ್ಯಮೇಳದ ಕೃತಿಗಳಲ್ಲಿ ಅಬ್ಬರದ ಭಾಗ ಕೊನೆಗೆ ಬರುವುದುಂಟು. ಅಂತಹ ತಟ್ಟೆಗಳಿಗಾಗಿ ಒಳಗಿನ ಶೂನ್ಯಬಿಂದುವನ್ನು ಕೊನೆಯ ಗೆರೆಯ ಬಳಿಗೇ ತರುವ ಲೆಕ್ಕವೊಂದನ್ನು ಜೆ. ಕೆ. ಸ್ಟೀವನ್ಸನ್ ೧೯೬೬ರಲ್ಲಿ ಪ್ರಕಟಿಸಿದನು. ಯಂತ್ರದ ಕೈಪಿಡಿಯಲ್ಲಿ ಬೇರೆ ಅಳತೆಯನ್ನು ಕೊಟ್ಟಿದ್ದರೆ ಅದೂ ಇಂತಹದೇ ಒಂದು ಹಂಚಿಕೆಯಾಗಿರಬಹುದು. ಟೆಕ್ನಿಕ್ಸ್ ಎಸ್‌ಎಲ್-೧೨೦೦ ಯಂತ್ರದಲ್ಲಿ 'ದ' ೨೧೫, 'ಉ' ೨೩೦ ಮಿಲಿಮೀಟರ್. ಎಂದರೆ ಮುಂಚಾಚು ೧೫ ಮಿಲಿಮೀಟರ್.

ಮನೆಯಲ್ಲಿ ಹೊಂದಿಸುವ ಕ್ರಮ

ಮೊದಲು ಒಂದು ಎಚ್ಚರಿಕೆ. ಪೆಟ್ಟಿಗೆಯ ಆಕಾರದ ಅಗ್ಗದ ಯಂತ್ರಗಳಲ್ಲಿ ಮುಳ್ಳನ್ನು ಹೊತ್ತ ಕಾರ್ಟ್ರಿಜ್ ತೋಳಿಗೆ ಕಾಯಂ ಆಗಿ ಅಂಟಿಕೊಂಡಿರುತ್ತದೆ. ಅದನ್ನು ಸರಿಸಲು ಬಾರದು. ತೋಳಿನ ತಲೆಯಲ್ಲಿ ಉದ್ದನೆಯ ಸೀಳುಗಳಿದ್ದು, ಕಾರ್ಟ್ರಿಜ್ಜನ್ನು ಎರಡು ತಿರುಪುಗಳಿಂದ ಬಿಗಿದಿರುವ ಯಂತ್ರಗಳಿಗೆ ಮಾತ್ರ ಮುಂದಿನ ಮಾತು ಅನ್ವಯಿಸುತ್ತದೆ. ನಿಮಿಷಕ್ಕೆ ೭೮ ಸುತ್ತಿನ ಅರಗಿನ ತಟ್ಟೆಗಳ ಗೆರೆ ಅಗಲವಾದುದು. ಅವಕ್ಕೆ ಬೇರೆ ದಪ್ಪದ ಮುಳ್ಳೇ ಬೇಕು.

ಯಂತ್ರವನ್ನು ಅಲುಗದ ಮೇಜಿನ ಮೇಲಿಟ್ಟು, ರಸಮಟ್ಟದಿಂದ ಎರಡು ದಿಕ್ಕುಗಳಲ್ಲಿಯೂ ಸಮಮಾಡಬೇಕು. ವಿದ್ಯುತ್ತನ್ನು ತಪ್ಪಿಸಿರಬೇಕು. ಕಾರ್ಟ್ರಿಜ್ಜಿನ ಹಿಂದೆ ನಾಲ್ಕು ಎಳೆ ತಂತಿಗಳಿರುತ್ತವೆ: ಬಿಳಿ ಮತ್ತು ನೀಲಿ ಎಡಗಡೆಯ ನಾದಕ್ಕೆ, ಕೆಂಪು ಮತ್ತು ಹಸಿರು ಬಲಗಡೆಯದಕ್ಕೆ. ಇವನ್ನು ಎಳೆಯಬಾರದು, ತೆಗೆಯಬೇಕಾಗಿ ಬಂದರೆ ಚಿಮಟದಿಂದ ತುದಿಯ ಲೋಹವನ್ನೇ ಹಿಡಿಯಬೇಕು. ಕಾರ್ಟ್ರಿಜ್ಜಿನೊಳಗೆ ಅಯಸ್ಕಾಂತವಿರುವುದರಿಂದ ಕಬ್ಬಿಣದ ತಿರುಪುಳಿಯು ಮುಳ್ಳಿನತ್ತ ಥಟ್ಟನೆ ಸೆಳೆಯಲ್ಪಡುತ್ತದೆ. ತಿರುಪುಗಳನ್ನು ಸಡಿಲಿಸುವಾಗ ಮುಳ್ಳಿಗೆ ಅದರ ಹೊದಿಕೆ ಇರಲೇಬೇಕು.

ಮುಳ್ಳಿನ ಭಾರ: ತೋಳು ಒಂದು ತಕ್ಕಡಿ. ಒಳಸೆಳೆತವನ್ನು ತಡೆಯುವ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಮುಳ್ಳಿನ ಹೊದಿಕೆಯನ್ನು ತೆಗೆದು, ತೋಳಿನ ಹಿಂದಿರುವ ತೂಕದ ಗುಂಡನ್ನು ಹಿಂದೆ ಮುಂದೆ ಸರಿಸಬೇಕು. ತೋಳು ಮೇಲೇಳದೆ ಕೆಳಗಿಳಿಯದೆ ನೆಲಕ್ಕೆ ಸಮಾನಾಂತರವಾಗಿ ತೇಲಿದಾಗ ಭಾರ ಸೊನ್ನೆ. ಅಲ್ಲಿಂದ ಗುಂಡಿನ ಮೇಲಿನ ಅಂಕಿಗಳನ್ನು ನೋಡುತ್ತ, ಕಾರ್ಟ್ರಿಜ್ ತಯಾರಕರು ಹೇಳಿದಷ್ಟು ಭಾರವನ್ನು ಕೊಡಬೇಕು. ಈ ಭಾರ ಬಹುಮಟ್ಟಿಗೆ ಒಂದೂವರೆಯಿಂದ ಎರಡೂವರೆ ಗ್ರಾಮಿನೊಳಗೆ ಇರುತ್ತದೆ. ಎರಡು ಗ್ರಾಂ ಅತ್ಯಲ್ಪವೆಂದು ತೋರಬಹುದು. ಆದರೆ ಮುಳ್ಳು ಗೋಡೆಯನ್ನು ಮುಟ್ಟುವ ತಾಣದ ಅಡ್ಡಳತೆ ಮಿಲಿಮೀಟರಿನ ನೂರನೆಯ ಒಂದು ಪಾಲೆಂದು ಹಿಡಿದು ಲೆಕ್ಕಮಾಡಿದರೆ, ಅಲ್ಲಿನ ಒತ್ತಡವು ವಾಯುಮಂಡಲದ ಒತ್ತಡದ ಸಾವಿರ ಮಡಿಯನ್ನೂ ಮೀರುತ್ತದೆ.

ಭಾರವನ್ನು ತಗ್ಗಿಸಿದಷ್ಟೂ ತಟ್ಟೆ ಉಳಿಯುತ್ತದೆಂದು ಹಲವರು ನಂಬಿದ್ದಾರೆ. ಇದು ಸರಿಯಲ್ಲ. ಭಾರ ಸಾಲದಾದರೆ ಮುಳ್ಳು ಜೋರಾದ ಸ್ವರಗಳಲ್ಲಿ ಗೋಡೆಯನ್ನು ಬಿಟ್ಟು ನೆಗೆದು ಮತ್ತೆ ಬಂದು ಬಡಿಯುತ್ತದೆ. ವಜ್ರದ ಮುಳ್ಳು ಮೆದುವಾದ ಪ್ಲಾಸ್ಟಿಕ್ಕಿಗೆ ಬಡಿದರೆ ಸೋಲುವುದು ಪ್ಲಾಸ್ಟಿಕ್ಕೇ. ಹೇಳಿದ ಮಿತಿಯೊಳಗೆ ಭಾರ ತುಸು ಹೆಚ್ಚಿರುವುದು ತೀರ ಕಡಮೆಯಾಗಿರುವುದಕ್ಕಿಂತ ಕ್ಷೇಮಕರ.

ಅಳತೆಯ ಹಾಳೆ: ಗಟ್ಟಿಯಾದ ಗ್ರಾಫ್ ಹಾಳೆಯ ಮೇಲೆ ಒಂದು ನೇರ ಗೆರೆ ಎಳೆದು, ಅದರ ಒಂದು ತುದಿಯಲ್ಲಿ ನಡುಗೂಟಕ್ಕೆ ಬಿಗಿಯಾಗಿ ಹೊಂದುವ ರಂಧ್ರವನ್ನು ಮಾಡಬೇಕು. ಗೂಟದ ಅಡ್ಡಳತೆ ಸುಮಾರು ೭.೨ ಮಿಲಿಮೀಟರ್. ರಂಧ್ರದ ಕೇಂದ್ರದಿಂದ ೬೬ ಮತ್ತು ೧೨೦.೯ ಮಿಲಿಮೀಟರ್ ದೂರಗಳಲ್ಲಿ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳನ್ನಿಟ್ಟು, ಒಂದೊಂದು ಚುಕ್ಕೆಯ ಸುತ್ತಲೂ ಮೊದಲ ಗೆರೆಗೆ ಲಂಬವಾಗಿ ಹಲವು ಸಮಾನಾಂತರ ಗೆರೆಗಳನ್ನು ಎಳೆಯಬೇಕು. ಅಳತೆಯ ಹಾಳೆ ಸಿದ್ಧವಾಯಿತು.

ಹಾಳೆಯನ್ನು ಯಂತ್ರದ ಮೇಲಿಟ್ಟು, ತಿರುಪುಗಳನ್ನು ಕಾರ್ಟ್ರಿಜ್ ಸರಿಯುವಷ್ಟು ಮಾತ್ರ ಸಡಿಲಿಸಿ, ಮುಳ್ಳನ್ನು ಒಳಗಿನ ಚುಕ್ಕೆಯ ಮೇಲೆ ಮೆಲ್ಲನೆ ಇಳಿಸಬೇಕು. ಹಾಳೆಯನ್ನು ತಿರುಗಿಸುತ್ತ ಮುಳ್ಳಿನ ತುದಿ ಚುಕ್ಕೆಯ ಮೇಲೆಯೇ ಕೂರುವಂತೆ ಮಾಡಬೇಕು. ಈಗ ಕಾರ್ಟ್ರಿಜ್ಜಿನ ಪಕ್ಕಗಳು ಸಮಾನಾಂತರ ಗೆರೆಗಳಿಗೆ ಸರಿಯಾಗಿ ಹೊಂದಿಕೊಂಡಿವೆಯೆ ಎಂಬುದನ್ನು ಎದುರಿನಿಂದ ಒಂದೇ ಕಣ್ಣಿನಿಂದ ನೋಡಬೇಕು. ಕಣ್ಣು ಪಕ್ಕಕ್ಕೆ ಸರಿದರೆ ಗೆರೆಯೂ ಸರಿದಂತೆ ತೋರಿ ಮೋಸವಾಗುತ್ತದೆ. ಹೊಂದದಿದ್ದರೆ ಕಾರ್ಟ್ರಿಜ್ಜನ್ನು ತಿರುಗಿಸಿ ಹೊಂದಿಸಬೇಕು. ಮುಳ್ಳನ್ನು ಹೊತ್ತ ಕಡ್ಡಿಯು ಸ್ಪಷ್ಟವಾಗಿ ಕಾಣುವಂತಿದ್ದರೆ ಅದನ್ನೇ ಗೆರೆಗೆ ಹೊಂದಿಸುವುದು ಇನ್ನೂ ಉತ್ತಮ.

ತರುವಾಯ ಮುಳ್ಳನ್ನು ಹೊರಗಿನ ಚುಕ್ಕೆಗೆ ಒಯ್ಯಬೇಕು. ಅಲ್ಲಿಯೂ ಕಾರ್ಟ್ರಿಜ್ ನೇರವಾಗಿದ್ದರೆ ಕೆಲಸ ಮುಗಿಯಿತು. ಅದರ ಮೂತಿ ನಡುಗೂಟದ ಕಡೆಗೆ ವಾಲಿದ್ದರೆ ಮುಂಚಾಚು ಹೆಚ್ಚಾಗಿದೆಯೆಂದು ಅರ್ಥ. ಕಾರ್ಟ್ರಿಜ್ಜನ್ನು ಸೀಳುಗಳಲ್ಲಿ ಕೊಂಚ ಹಿಂದಕ್ಕೆ ಸರಿಸಬೇಕು. ಮೂತಿ ಹೊರಗಡೆಗೆ ವಾಲಿದ್ದರೆ ಮುಂದಕ್ಕೆ ಸರಿಸಬೇಕು. ಪ್ರತಿ ಸಲವೂ ಮತ್ತೆ ಒಳಚುಕ್ಕೆಗೆ ಬಂದು ಕೋನವನ್ನು ತಿದ್ದಿ, ಹೊರಚುಕ್ಕೆಯಲ್ಲಿ ಪರೀಕ್ಷಿಸಬೇಕು. ಹೀಗೆ ಕೆಲವು ಬಾರಿ ಹೋಗಿಬರುವಷ್ಟರಲ್ಲಿ ಎರಡೂ ಕಡೆ ಸರಿಹೊಂದುತ್ತದೆ. ಬೇಸರಪಟ್ಟು ನಡುವೆ ನಿಲ್ಲಿಸಬಾರದು. ಮುಂಚಾಚು ಒಂದೇ ಒಂದು ಮಿಲಿಮೀಟರ್ ಹೆಚ್ಚಿದರೂ, ಒಳಗಿನ ಬಿಂದುವನ್ನು ಸರಿಯಾಗಿಟ್ಟುಕೊಂಡಾಗ ಹೊರಗಿನ ಶೂನ್ಯಬಿಂದು ೧೨೦.೯ರಿಂದ ಸುಮಾರು ೧೨೮ಕ್ಕೆ ಜಾರುತ್ತದೆಂಬುದನ್ನು ಮೇಲಿನ ಸೂತ್ರದಿಂದಲೇ ಕಂಡುಕೊಳ್ಳಬಹುದು. ಕೊನೆಗೆ ತಿರುಪುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವಾಗಿ ಬಿಗಿದು, ಮುಳ್ಳಿನ ಭಾರವನ್ನು ಮತ್ತೆ ಪರೀಕ್ಷಿಸಬೇಕು. ಕಾರ್ಟ್ರಿಜ್ ಹಿಂದೆ ಮುಂದೆ ಸರಿದಾಗ ತಕ್ಕಡಿಯ ಸಮತೂಕವೂ ಕೆಟ್ಟಿರುತ್ತದೆ.

ವಾಲಿಕೆ ಮತ್ತು ಎತ್ತರ: ತೆಳುವಾದ ಕನ್ನಡಿಯ ಚೂರೊಂದರ ಮೇಲೆ ಮುಳ್ಳನ್ನಿಳಿಸಿ ಎದುರಿನಿಂದ ನೋಡಿದರೆ ಮುಳ್ಳೂ ಅದರ ಪ್ರತಿಬಿಂಬವೂ ಒಂದೇ ನೇರದಲ್ಲಿರಬೇಕು. ನಡುವೆ ಮುರಿದ ಗೆರೆಯಂತೆ ಕಂಡರೆ ಮುಳ್ಳು ಒಂದು ಗೋಡೆಯ ಕಡೆಗೆ ವಾಲಿದೆಯೆಂದು ತಿಳಿಯಬೇಕು. ಪಕ್ಕದಿಂದ ನೋಡಿದಾಗ, ಮುಳ್ಳು ತಟ್ಟೆಯ ಮೇಲಿರುವಾಗ ತೋಳು ತಟ್ಟೆಗೆ ಸಮಾನಾಂತರವಾಗಿರಬೇಕು.

ಒಳಸೆಳೆತ

ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ತರುವುದುಂಟು. ತಟ್ಟೆ ತಿರುಗುವಾಗ ಘರ್ಷಣೆಯು ಮುಳ್ಳನ್ನು ಗೆರೆಯ ದಿಕ್ಕಿನಲ್ಲಿ ಎಳೆಯುತ್ತದೆ. ತೋಳು ನೇರವಾಗಿದ್ದು ಎಳೆತದ ರೇಖೆ ಕೀಲಿನ ಮೂಲಕವೇ ಹಾದಿದ್ದರೆ ತೊಂದರೆಯಿರಲಿಲ್ಲ. ಆದರೆ ಓರೆಕೋನವಿರುವ ತೋಳಿನಲ್ಲಿ ಆ ರೇಖೆ ಕೀಲಿನ ಪಕ್ಕದಲ್ಲಿ ಹಾಯುತ್ತದೆ. ತೋಳು ತಟ್ಟೆಯ ನಡುವಿನತ್ತ ತಿರುಗಲು ತೊಡಗುತ್ತದೆ. ಈ ಸೆಳೆತವು ಮುಳ್ಳಿನ ಭಾರದ ಸುಮಾರು ಹತ್ತನೆಯ ಒಂದು ಪಾಲಿನಷ್ಟಿರುತ್ತದೆ. ಇದನ್ನು ತಡೆಯಲು ಯಂತ್ರಗಳಲ್ಲಿ ಸಣ್ಣ ಸುರುಳಿಯನ್ನೋ ದಾರಕ್ಕೆ ಕಟ್ಟಿದ ತೂಕವನ್ನೋ ಇಟ್ಟಿರುತ್ತಾರೆ. ಅದರ ಗುಂಡಿಯನ್ನು ಮೊದಲು ಮುಳ್ಳಿನ ಭಾರದಷ್ಟೇ ಅಂಕಿಗೆ ತಿರುಗಿಸಿಟ್ಟು, ಮುಂದೆ ಕಿವಿಯಿಂದ ತಿದ್ದಬೇಕು. ತಡೆ ಸಾಲದಾದರೆ ಮುಳ್ಳು ಒಳಗೋಡೆಗೆ ಒತ್ತಿಕೊಂಡು ಹೊರಗೋಡೆಯ ಹಿಡಿತವನ್ನು ಕಳೆದುಕೊಳ್ಳುತ್ತದೆ. ಜೋರಾದ ಎಡೆಗಳಲ್ಲಿ ಬಲಗಡೆಯ ನಾದ ಮೊದಲು ಒಡೆಯುತ್ತದೆ. ಎಡಗಡೆಯದು ಮೊದಲು ಒಡೆದರೆ ತಡೆ ಹೆಚ್ಚಾಗಿದೆಯೆಂದು ತಿಳಿಯಬೇಕು.

ಕಿವಿಯ ಪರೀಕ್ಷೆ

ಎಲ್ಲವೂ ಮುಗಿದ ಮೇಲೆ, ಅಪರೂಪದ ತಟ್ಟೆಯನ್ನಲ್ಲ, ಮತ್ತೆ ಸಿಕ್ಕುವಂತಹ ಒಂದು ಒಳ್ಳೆಯ ತಟ್ಟೆಯನ್ನು ಆರಿಸಿಕೊಂಡು ಅದರ ಕೊನೆಯ ಹಾಡನ್ನು ಕೇಳಬೇಕು. ಮೊದಲ ಹಾಡು ಹೇಗೆ ಹೊಂದಿಸಿದರೂ ಚೆನ್ನಾಗಿಯೇ ಕೇಳಿಸುತ್ತದೆ. ನಮ್ಮ ಕೆಲಸದ ಪರೀಕ್ಷೆ ನಡೆಯುವುದು ಒಳಗಿನ ಗೆರೆಗಳಲ್ಲಿ. ಅಲ್ಲಿ 'ಸ'ಕಾರ 'ಶ'ಕಾರಗಳು ಸೀಳದೆ ಬಿಡಿಬಿಡಿಯಾಗಿ ಕೇಳಿಬಂದರೆ ಮುಳ್ಳು ಸರಿಯಾಗಿ ಕುಳಿತಿದೆ. ಅಷ್ಟಾದರೂ ಒಂದೇ ತಟ್ಟೆ ಒಂದೇ ಎಡೆಯಲ್ಲಿ ಒಡೆಯುತ್ತಿದ್ದರೆ ಅದನ್ನು ಹಿಂದೆಯೇ ಯಾವುದೋ ಮುಳ್ಳು ಕೆಡಿಸಿದೆಯೆಂದು ತಿಳಿಯಬೇಕು, ಅದಕ್ಕೆ ಮದ್ದಿಲ್ಲ.

ಕೀಲಿನ ತೋಳು ಎಂದಿಗೂ ಉಳಿಯ ಹಾದಿಯನ್ನು ಪೂರ್ಣವಾಗಿ ಹಿಡಿಯಲಾರದು. ಆದರೆ ತಪ್ಪು ಎಷ್ಟು, ಎಲ್ಲಿ, ಎಂಬುದನ್ನು ಅಳೆದು, ಹೆಚ್ಚು ನೋಯುವ ಎಡೆಗೆ ಕಡಮೆಯಾಗುವಂತೆ ಹಂಚಬಹುದೆಂಬುದನ್ನು ಗಣಿತವು ತೋರಿಸಿಕೊಟ್ಟಿದೆ. ಗ್ರಾಫ್ ಹಾಳೆಯ ಮೇಲಿನ ಎರಡು ಚುಕ್ಕೆಗಳು ಅದರ ಫಲ. ಅವನ್ನು ಸರಿಯಾಗಿ ಬಳಸಿಕೊಂಡರೆ, ನಮ್ಮ ಹಿರಿಯರು ಜೋಪಾನಮಾಡಿ ಇಟ್ಟ ತಟ್ಟೆಗಳು ನಮ್ಮ ಕೈಯಲ್ಲಿ ಸವೆಯದೆ, ಮುಂದಿನವರಿಗೂ ನುಡಿಯುವಂತೆ ಉಳಿದಾವು.